ಅಕೌಂಟ್ಸ್ ಗೊತ್ತಿಲ್ದ ಅಕೌಂಟ್ಸ್ ಆಫೀಸಿಗೆ ಸೇರಿದವ್ರಿಗೆ: ಮೊದಲ ಮೂರು ತಿಂಗಳ ಸಮಗ್ರ ಮಾರ್ಗದರ್ಶಿ

ಬಿಎ, ಬಿಎಸ್ಸಿ ಮುಗಿಸಿದವ್ರು, ಡಿಪ್ಲೊಮಾ ಮಾಡಿದವ್ರು, ನಾಕು ವರ್ಷ ಪ್ರೈವೇಟ್ ಸಾಲಿಯೊಳಗ ಪಾಠ ಹೇಳಿದವ್ರು, ಮಕ್ಕಳು ದೊಡ್ಡವಾದ ಮ್ಯಾಲ ಕೆಲಸಕ್ಕ ಹೊಂಟ ಹೆಣ್ಣಮಕ್ಕಳು, ಇವ್ರೆಲ್ಲಾ ಹುಬ್ಬಳ್ಳಿಯೊಳಗ ಕೆಲಸ ಹುಡುಕಿದ್ರ ಕೊನಿಗೆ ಬಂದು ಕುಂದ್ರೋದು ಹೆಚ್ಚಾಗಿ ಒಂದ ಜಾಗಾದಾಗ: ಗೋಕುಲ ರೋಡಿನ ಯಾವುದೋ ಫ್ಯಾಕ್ಟರಿ, ಅಮರಗೋಳ ಎಪಿಎಂಸಿಯ ಅಡತಿ ಅಂಗಡಿ, ಇಲ್ಲಾ ಯಾವುದೋ ಕಂಪನಿ ಮಾಲಿನ ಡಿಸ್ಟ್ರಿಬ್ಯೂಟರ್ ಆಫೀಸಿನ ಬಿಲ್ಲಿಂಗ್ ಟೇಬಲ್ಲು. ಸೇರಿದ ಎರಡು ತಿಂಗಳಿಗೆ ಬಿಟ್ಟು ಬರ್ತಾರ. ಯಾಕಂತ ಕೇಳಿದ್ರ, "ನಂದು ಕಾಮರ್ಸ್ ಅಲ್ರಿ, ತಲಿಗೆ ಹತ್ತವಲ್ದು" ಅಂತಾರ.

ಇಂಥಾ ಹೊಸಬರಿಗೆ ಕೆಲಸ ಕಲಿಸೋದು ನನ್ನ ದಿನದ ಕೆಲಸದ ಒಂದು ಭಾಗ. ತಲಿ ಎಲ್ಲಾರ್ದೂ ಛಲೋನ ಇರ್ತದ, ಕಲಿಯೋ ಕ್ರಮ ತಪ್ಪಿರ್ತದ. ಬಂದ ದಿನಾನ ಟ್ಯಾಲಿ (ಲೆಕ್ಕ ಬರಿಯೋ ಸಾಫ್ಟ್‌ವೇರ್) ತೆಗೆದು ಕುಂದರ್ತಾರ, ರಾತ್ರಿ ಮನಿಗೆ ಹೋಗಿ ಡೆಬಿಟ್-ಕ್ರೆಡಿಟ್ ವಿಡಿಯೋ ನೋಡ್ತಾರ, ಆದ್ರ ಆಫೀಸಿನ ಮಾಲು ಎಲ್ಲಿಂದ ಬರ್ತದ, ಯಾರಿಗೆ ಹೋಗ್ತದ, ರೊಕ್ಕ ಯಾವಾಗ ಬರ್ತದ ಅನ್ನೋದನ್ನ ಯಾರೂ ಕೇಳಂಗಿಲ್ಲ. ಕೆಳಗಿನ ಹಂತಗಳನ್ನ ಇದ್ದ ಕ್ರಮದಾಗ ಮಾಡ್ರಿ. ಮುಂದಿಂದು ಸಸಾರ ಕಾಣ್ತದ ಅಂತ ಜಿಗಿಬ್ಯಾಡ್ರಿ.

ಬೇಕಾಗೋ ಸಾಮಾನು

200 ಪೇಜಿನ ಒಂದು ನೋಟ್‌ಬುಕ್ಕು, ಒಂದು ಸಾದಾ ಕ್ಯಾಲ್ಕುಲೇಟರ್, ಬರಿಯೋಕ ಜಾಗಾ ಇರೋ ಒಂದು ಟೇಬಲ್ ಕ್ಯಾಲೆಂಡರ್, ಒಂದು ಪ್ಲಾಸ್ಟಿಕ್ ಫೈಲು. ಇಷ್ಟ ಸಾಕು. ಮೊಬೈಲ್‌ನಾಗ ನೋಟ್ಸ್ ಬರಿಬ್ಯಾಡ್ರಿ, ಯಾಕಂದ್ರ ಸಾಹುಕಾರ್ರು ಏನರ ಹೇಳೋವಾಗ ನೀವು ಮೊಬೈಲ್ ತಗದ್ರ ಅವ್ರಿಗೆ ವಾಟ್ಸಾಪ್ ನೋಡಾಕತ್ತಾರ ಅಂತನ ಅನಸ್ತದ. ನಿಮ್ಮ ಸ್ವಂತ ಪೆನ್‌ಡ್ರೈವ್ ಆಫೀಸಿನ ಕಂಪ್ಯೂಟರಿಗೆ ಹಾಕಬ್ಯಾಡ್ರಿ, ವೈರಸ್ ಬಂದ್ರ ಮೊದ್ಲ ಬೆರಳು ತೋರಿಸೋದು ಹೊಸಬ್ರ ಕಡೆಗೆ.

ಹಂತ 1: ಸೇರೋಕಿಂತ ಮೊದ್ಲ ತಿಳ್ಕೊಳ್ಳೋದು

ಆಫೀಸಿನ ಜಿಎಸ್‌ಟಿ ನಂಬರ್ ಅವರ ಬಿಲ್ ಮ್ಯಾಲ, ಬೋರ್ಡ್ ಮ್ಯಾಲ ಇರ್ತದ. ಜಿಎಸ್‌ಟಿ ಪೋರ್ಟಲ್‌ಗೆ ಹೋಗಿ ಟ್ಯಾಕ್ಸ್‌ಪೇಯರ್ ಸರ್ಚ್ ಅನ್ನೋದ್ರಾಗ ಆ ನಂಬರ್ ಹಾಕ್ರಿ, ಲಾಗಿನ್ ಬೇಕಾಗಿಲ್ಲ. ಫರ್ಮಿನ ಹೆಸರು, ಯಾವಾಗ ನೋಂದಣಿ ಆಗೇದ, ಈಗ ಚಾಲ್ತಿ ಅದನೋ ರದ್ದಾಗೇದೋ ಎಲ್ಲಾ ಕಾಣಸ್ತದ. ರದ್ದಾಗಿದ್ರ ಆ ಕೆಲಸಕ್ಕ ಹೋಗೋಕಿಂತ ಮೊದ್ಲ ಯಾಕ ಅಂತ ಬಾಯಿಬಿಟ್ಟು ಕೇಳ್ರಿ.

ಇಂಟರ್‌ವ್ಯೂದಾಗ ಕೇಳಬೇಕಾಗಿದ್ದು: ಮಾಲು ಯಾವುದು, ಗಿರಾಕಿ ಯಾರು, ಯಾವ ಸಾಫ್ಟ್‌ವೇರ್, ಮತ್ತ ನನಗ ಕೆಲಸ ತೋರಸವ್ರು ಯಾರು. ಕೊನೇದ್ದು ಎಲ್ಲಾಕ್ಕಿಂತ ಮುಖ್ಯ. "ಬರ್ರಿ, ಎಲ್ಲಾ ತಾನ ಬರ್ತದ" ಅಂದ್ರ ಒಬ್ರ ಹೆಸರು ಹೇಳೋತನಕ ಬಿಡಬ್ಯಾಡ್ರಿ.

ಪಗಾರ ಎಷ್ಟು, ಯಾವ ತಾರೀಖಿಗೆ ಅನ್ನೋದು ಲೆಟರ್‌ನಾಗ ಕೊಡ್ಲಿಲ್ಲಂದ್ರ ವಾಟ್ಸಾಪ್‌ನಾಗಾದ್ರೂ ಬರಿಸ್ಕೋರಿ. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ತೋರಿಸ್ರಿ, ಇಟ್ಟು ಬರಬ್ಯಾಡ್ರಿ, ಜೆರಾಕ್ಸ್ ಸಾಕು.

ಇನ್ನೊಂದು, ಊರಿಂದ ಬರೋರಿಗೆ. ಧಾರವಾಡದವ್ರಿಗೆ ಚಿಗರಿ ಬಸ್ ಅದ, ತ್ರಾಸಿಲ್ಲ. ಗದಗ, ಹಾವೇರಿಯಿಂದ ದಿನಾ ಪಾಸ್ ಮ್ಯಾಲ ಬರೋರು ತಿಂಗಳಾಗ ಯಾವ ದಿನ ಲೇಟ್ ಆಗ್ತದ ಅಂತ ಮೊದ್ಲ ಕೇಳ್ಕೋರಿ. ರಿಟರ್ನ್ (ಸರ್ಕಾರಕ್ಕ ಕೊಡೋ ಟ್ಯಾಕ್ಸ್ ಲೆಕ್ಕ) ಹಾಕೋ ದಿನಾ ಸಂಜಿ ಆರಕ್ಕ ಏಳಾಕ ಆಗಂಗಿಲ್ಲ. ಆ ದಿನಗಳು ಯಾವುವು ಅಂತ ಹಂತ 4ರಾಗ ಹೇಳೀನಿ.

ಹಂತ 2: ಮೊದಲ ವಾರ ಒಂದ ಒಂದು ಬಿಲ್ಲಿನ ಹಿಂದ ಹೋಗ್ರಿ

ಇಡೀ ಲೇಖನದಾಗ ಒಂದ ಹಂತ ಮಾಡ್ತೀನಿ ಅಂದ್ರ ಇದನ್ನ ಮಾಡ್ರಿ. ಹೋದ ತಿಂಗಳದ ಒಂದು ಸೇಲ್ಸ್ ಬಿಲ್ ತಗೋರಿ. ಮಾಲು ಹೋಗಿ ರೊಕ್ಕಾನೂ ಬಂದು ಮುಗದಿರಬೇಕು. "ಸರ್, ಈ ಬಿಲ್ ಶುರುವಿಂದ ಕೊನೀ ತನಕ ನೋಡ್ಲಿ?" ಅಂತ ಕೇಳಿ ಅನುಮತಿ ತಗೊಂಡು ಕೆಲಸ ಶುರು ಮಾಡ್ರಿ.

ಬಿಲ್ ಹುಟ್ಟೋಕಿಂತ ಮೊದ್ಲ ಏನಾತು? ಗಿರಾಕಿ ಫೋನ್ ಮಾಡಿದ್ನೋ, ಪಿಓ (ಬರದು ಕೊಡೋ ಖರೀದಿ ಆರ್ಡರ್) ಕಳಸಿದ್ನೋ, ಸೇಲ್ಸ್‌ಮನ್ ಆರ್ಡರ್ ತಂದ್ನೋ? ರೇಟು ಯಾರು ಹೇಳಿದ್ರು? ಗೋಡೌನ್‌ನಾಗ ಸ್ಟಾಕ್ ಅದ ಅಂತ ಯಾರು ನೋಡಿದ್ರು? ಆಮ್ಯಾಲೆ ಬಿಲ್ ಆತು. ಮಾಲಿನ ಕಿಮ್ಮತ್ತು 50,000 ರೂಪಾಯಿ ದಾಟಿದ್ರ ಸಾಮಾನ್ಯವಾಗಿ ಇ-ವೇ ಬಿಲ್ (ಮಾಲು ಸಾಗಿಸಾಕ ಆನ್‌ಲೈನ್ ಮಾಡೋ ಸರ್ಕಾರಿ ಚೀಟಿ) ಬೇಕು, ಅದನ್ನ ಯಾರು ಮಾಡಿದ್ರು, ಗಾಡಿ ನಂಬರ್ ಯಾರು ಕೊಟ್ರು? ಟ್ರಾನ್ಸ್‌ಪೋರ್ಟ್‌ನವ್ರ ಎಲ್ಆರ್ (ಲಾರಿ ರಸೀದಿ) ಕಾಪಿ ಎಲ್ಲಿ ಫೈಲ್ ಆತು? ಮಾಲು ಮುಟ್ಟಿದ ಮ್ಯಾಲ ಗಿರಾಕಿ ಸಹಿ, ಸಿಕ್ಕಾ ಹಾಕಿದ ಕಾಪಿ ವಾಪಸ್ ಬಂತೋ ಇಲ್ಲೋ? ರೊಕ್ಕ ಚೆಕ್ಕಿನ್ಯಾಗ ಬಂತೋ, ಆರ್‌ಟಿಜಿಎಸ್‌ನ್ಯಾಗ ಬಂತೋ, ಪೂರಾ ಬಂತೋ ಇಲ್ಲಾ ಏನರ ಹಿಡಕೊಂಡು ಕೊಟ್ಟಾರೋ? ಕೊನೀಗೆ ಆ ಬಿಲ್ ಜಿಎಸ್‌ಟಿ ರಿಟರ್ನಿನ್ಯಾಗ ಎಲ್ಲಿ ಕುಂತದ?

ಪ್ರತಿ ಜಾಗಾಕ್ಕೂ ನೋಟ್‌ಬುಕ್ಕಿನ್ಯಾಗ ಮೂರು ಬರೀರಿ: ಯಾರು ಮಾಡ್ತಾರ, ಯಾವ ಕಾಗದ ಹುಟ್ತದ, ಅದು ತಪ್ಪಿದ್ರ ಮುಂದ ಏನು ನಿಲ್ತದ. ಎರಡು ಪೇಜ್ ತುಂಬಿದ್ರ ಆಫೀಸಿನ ಅರ್ಧಾ ಕೆಲಸ ನಿಮ್ಮ ಮುಂದ ಬಿಚ್ಚಿ ಇಟ್ಟಂಗ ಆಗ್ತದ, ನಾಳೆ ಯಾರರ "ಆ ಎಲ್ಆರ್ ತರ್ರಿ" ಅಂದ್ರ ಅದು ಯಾಕ ಬೇಕಾಗೇದ ಅಂತ ಕೇಳೋದ ಬೇಕಾಗಂಗಿಲ್ಲ.

ಕುರ್ಚಿ ಮ್ಯಾಲ ಕುಂತು ಇದನ್ನ ಮಾಡಾಕ ಬರಂಗಿಲ್ಲ. ಗೋಡೌನಿಗೆ ಹೋಗ್ರಿ. ಅಲ್ಲಿ ಮಾಲು ಎಣಿಸೋ ಅಣ್ಣಾರ್ನ ಮಾತಾಡಸ್ರಿ, ಅರ್ಧಾ ದಿನ ಅವ್ರ ಹತ್ರ ನಿಲ್ರಿ. ಡಬ್ಬಿ ಮ್ಯಾಲ ಬರದಿದ್ದ ಕೋಡು, ಬಿಲ್ಲಿನ ಮ್ಯಾಲಿನ ಹೆಸರು, ಮಂದಿ ಬಾಯಾಗಿನ ಹೆಸರು ಈ ಮೂರೂ ಬ್ಯಾರೆ ಬ್ಯಾರೆ ಇರ್ತಾವ, ಅದು ಗೋಡೌನ್‌ನಾಗ ಬಿಟ್ರ ಎಲ್ಲೂ ತಿಳಿಯಂಗಿಲ್ಲ.

ಬ್ಯಾಡಗಿ ಕಡೆ ಮೆಣಸಿನಕಾಯಿ ಅಡತಿ ಅಂಗಡಿಗೆ ಸೇರಿದವ್ರು ರೈತರ ಚೀಲ ಬಂದಲ್ಲಿಂದ ಶುರು ಮಾಡ್ರಿ: ಲಾಟ್, ಟೆಂಡರ್, ತೂಕ, ರೈತರಿಗೆ ಕೊಡೋ ಪಟ್ಟಿ, ಖರೀದಿದಾರ್ರಿಗೆ ಹೋಗೋ ಬಿಲ್. ಮೆಣಸಿನಕಾಯಿಯೊಳಗ ಡಬ್ಬಿ ಜಾತಿ ಯಾವುದು, ಕಡ್ಡಿ ಯಾವುದು, ಗುಂಟೂರು ಯಾವುದು ಅಂತ ಕೈಯಾಗ ಹಿಡದು ನೋಡ್ರಿ. ಕ್ವಿಂಟಲ್ ಅಂದ್ರ 100 ಕೆಜಿ, ಇದು ಎಲ್ಲಾರ್ಗೂ ಗೊತ್ತು, ಆದ್ರ ಡಬ್ಬಿ ರೇಟ್ ಕಡ್ಡಿಗೆ ಬಿದ್ದಿದ್ರ ಅದನ್ನ ಹಿಡಿಯಾಕ ಮಾಲಿನ ಪರಿಚಯಾನ ಬೇಕು, ಕಂಪ್ಯೂಟರ್ ಏನೂ ಹೇಳಂಗಿಲ್ಲ.

ಇಲ್ಲಿ ಎಲ್ಲಾರೂ ಮಾಡೋ ತಪ್ಪು ಅಂದ್ರ ಐದಾರು ಬಿಲ್ ಒಮ್ಮೆಲೆ ಹಿಡಿಯೋದು. ಒಂದು ಮುಗೀಲಿ. ಎರಡನೇ ವಾರಕ್ಕ ಒಂದು ಖರೀದಿ ಬಿಲ್ ಹಿಡದು ಹಂಗ ಮಾಡ್ರಿ.

ಹಂತ 3: ಪದಗಳು ಮತ್ತ ನಂಬರ್‌ಗಳು

ಹಳೇ ಮಂದಿ ಕಿರ್ದಿ, ಖತಾವಣಿ, ಉದ್ರಿ, ಬಾಕಿ, ವಸೂಲಿ ಅಂತಾರ. ಹೊಸಬ್ರು ಡೇಬುಕ್ (ದಿನದ ವಹಿವಾಟಿನ ಪುಸ್ತಕ), ಲೆಡ್ಜರ್ (ಒಬ್ಬೊಬ್ರ ಹೆಸರಿನ ಖಾತೆ), ಕ್ರೆಡಿಟ್, ಔಟ್‌ಸ್ಟ್ಯಾಂಡಿಂಗ್, ಕಲೆಕ್ಷನ್ ಅಂತಾರ. ಎರಡೂ ಕಲೀರಿ, ನೋಟ್‌ಬುಕ್ಕಿನ ಹಿಂದಿನ ಪೇಜಿಂದ ಬರಕೊಂತ ಬರ್ರಿ. ಅರ್ಥದ ಕೂಡ ನಿಮ್ಮ ಆಫೀಸಿಂದ ಒಂದು ಉದಾಹರಣೆ ಇರಬೇಕು, ಇಲ್ಲಂದ್ರ ಮುಂದಿನ ವಾರ ಮರೀತದ.

ನಂಬರ್ ಓದೋದು ಮೊದ್ಲ ವಾರದಾಗನ ಕಲೀಬೇಕು, ಯಾಕಂದ್ರ ಹೊಸಬ್ರ ಕಡೆಯಿಂದ ಆಗೋ ತಪ್ಪಿನ್ಯಾಗ ಬಾಳ ಇಲ್ಲೇ ಆಗ್ತಾವ. ಜಿಎಸ್‌ಟಿ ನಂಬರ್ 15 ಅಕ್ಷರದ್ದು. ಮೊದಲ ಎರಡು ರಾಜ್ಯದ ಕೋಡು: ಕರ್ನಾಟಕ 29, ಮಹಾರಾಷ್ಟ್ರ 27, ಗೋವಾ 30. ಮುಂದಿನ 10 ಪ್ಯಾನ್ ನಂಬರ್. ಪ್ಯಾನ್ ಅಂದ್ರ ಮೊದ್ಲ ಐದು ಅಕ್ಷರ, ಆಮ್ಯಾಲೆ ನಾಕು ಅಂಕಿ, ಕೊನೀಗೆ ಒಂದು ಅಕ್ಷರ. ಅಂದ್ರ ಜಿಎಸ್‌ಟಿ ನಂಬರಿನ 3ರಿಂದ 7ನೇ ಜಾಗಾದಾಗ ಸೊನ್ನಿ ಬರಾಕ ಸಾಧ್ಯ ಇಲ್ಲ, ಕಂಡ್ರ ಅದು ಇಂಗ್ಲಿಷಿನ 'ಓ'. 8ರಿಂದ 11ರ ತನಕ 'ಓ' ಬರಂಗಿಲ್ಲ, ಅದು ಸೊನ್ನಿ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ 11 ಅಕ್ಷರದ್ದು, ಅದರ ಐದನೇದ್ದು ಯಾವಾಗ್ಲೂ ಸೊನ್ನಿ. ಇಷ್ಟು ಗೊತ್ತಿದ್ರ ವಾಟ್ಸಾಪ್ ಫೋಟೋ ನೋಡಿ ಟೈಪ್ ಮಾಡೋವಾಗ ಆಗೋ ತಪ್ಪು ಸುಮಾರು ನಿಲ್ತಾವ.

ಪ್ಯಾನಿನ ನಾಕನೇ ಅಕ್ಷರಾನೂ ನೋಡ್ರಿ: 'ಪಿ' ಇದ್ರ ಒಬ್ಬ ವ್ಯಕ್ತಿ, 'ಎಫ್' ಇದ್ರ ಪಾಲುದಾರಿಕಿ ಫರ್ಮ್, 'ಸಿ' ಇದ್ರ ಕಂಪನಿ. ಬಿಲ್ ಮ್ಯಾಲ ಪ್ರೈವೇಟ್ ಲಿಮಿಟೆಡ್ ಅಂತ ಇದ್ದು ಪ್ಯಾನ್‌ನಾಗ 'ಪಿ' ಇದ್ರ ತೋರಿಸಿ ಕೇಳ್ರಿ.

ಹಂತ 4: ತಾರೀಖಿನ ಕ್ಯಾಲೆಂಡರ್

ಅಕೌಂಟ್ಸ್ ಆಫೀಸಿನ್ಯಾಗ ಮಂದಿ ಸಿಟ್ಟು ತಾರೀಖಿನ ಮ್ಯಾಲ ನಿಂತಿರ್ತದ. ಹೋದ ವಾರ ನಕ್ಕೊಂತ ಮಾತಾಡಿದ ಸರ್ ಈ ವಾರ ಯಾಕ ಬೈದ್ರು ಅಂತ ಹೊಸಬ್ರು ಮನಸಿಗೆ ಹಚ್ಕೋತಾರ, ಕ್ಯಾಲೆಂಡರ್ ನೋಡಿದ್ರ ಅವತ್ತು 19ನೇ ತಾರೀಖು ಇರ್ತದ.

ಟೇಬಲ್ ಕ್ಯಾಲೆಂಡರ್‌ನಾಗ ಕೆಂಪು ಪೆನ್ನಿಂದ ಗುರ್ತು ಮಾಡ್ರಿ. 7: ಹೋದ ತಿಂಗಳ ಟಿಡಿಎಸ್ (ಯಾರಿಗರ ರೊಕ್ಕ ಕೊಡೋವಾಗ ಹಿಡಕೊಂಡ ಆದಾಯ ತೆರಿಗಿ) ಕಟ್ಟೋದು, ಮಾರ್ಚ್ ತಿಂಗಳದ್ದಕ್ಕ ಮಾತ್ರ ಏಪ್ರಿಲ್ 30ರ ತನಕ ಟೈಮ್ ಅದ. 11: ಜಿಎಸ್‌ಟಿಆರ್-1, ಅಂದ್ರ ಮಾರಾಟದ ಬಿಲ್ಲುಗಳ ಪಟ್ಟಿ. 14: ಜಿಎಸ್‌ಟಿಆರ್-2ಬಿ ತಯಾರಾಗ್ತದ, ನಮಗ ಮಾಲು ಕೊಟ್ಟವ್ರು ತಮ್ಮ ಬಿಲ್ ಏರಿಸ್ಯಾರೋ ಇಲ್ಲೋ ಅಂತ ಅದ್ರಾಗ ಗೊತ್ತಾಗ್ತದ. 15: ಪಿಎಫ್ (ನೌಕರರ ಭವಿಷ್ಯ ನಿಧಿ), ಇಎಸ್‌ಐ (ನೌಕರರ ದವಾಖಾನಿ ವಿಮಾ) ಕಟ್ಟೋದು. 20: ಜಿಎಸ್‌ಟಿಆರ್-3ಬಿ, ಟ್ಯಾಕ್ಸ್ ಕಟ್ಟಿ ಹಾಕೋದು. ವರ್ಷದ ವಹಿವಾಟು 5 ಕೋಟಿ ತನಕ ಇದ್ದು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕೋ ಸ್ಕೀಮ್ ತಗೊಂಡವ್ರಿಗೆ 11ರ ಬದ್ಲಿ 13, ಮತ್ತ 20ರ ಬದ್ಲಿ ನಮ್ಮ ರಾಜ್ಯಕ್ಕ 22. ಸರ್ಕಾರ ಕೆಲವೊಮ್ಮೆ ಮುಂದ ಹಾಕ್ತದ, ಹಂಗಂತ ಅದನ್ನ ನಂಬಿ ಕುಂದ್ರಬ್ಯಾಡ್ರಿ.

ಆಮ್ಯಾಲೆ ನಿಮ್ಮ ಕೆಲಸಾನ ಈ ತಾರೀಖಿನ ಹಿಂದ ಇಡ್ರಿ. 11ಕ್ಕ ರಿಟರ್ನ್ ಅಂದ್ರ ಸಿಎ (ಲೆಕ್ಕ ಪರಿಶೋಧಕರ) ಆಫೀಸಿಗೆ ಡೇಟಾ 7-8ಕ್ಕ ಹೋಗಬೇಕು, ಅಂದ್ರ ನಿಮ್ಮ ಬಿಲ್ಲುಗಳು 5ಕ್ಕ ಕ್ಲೀನ್ ಆಗಿರಬೇಕು. ರಜಾ ಕೇಳೋದಿದ್ರೂ ಇದನ್ನ ನೋಡಿ ಕೇಳ್ರಿ, 21ರ ನಂತರ ಕೇಳಿದ್ರ ಖುಷಿಲೇ ಕೊಡ್ತಾರ.

ಹಂತ 5: ಲೆಕ್ಕ, ಟ್ಯಾಲಿ, ಎಕ್ಸೆಲ್

ಈಗ ಕಂಪ್ಯೂಟರ್ ಮುಂದ ಕುಂದ್ರಿ. ಆದ್ರ ಮೊದ್ಲ ಮೂರು ಲೆಕ್ಕ ಕಾಗದದ ಮ್ಯಾಲ.

ಒಂದು: 10,000 ರೂಪಾಯಿ ಮಾಲು, 18% ಜಿಎಸ್‌ಟಿ. ಹುಬ್ಬಳ್ಳಿಯಿಂದ ಬೆಳಗಾವಿಗೆ ಹೋದ್ರ ರಾಜ್ಯದ ಒಳಗ, ಅಂದ್ರ ಕೇಂದ್ರದ ಪಾಲು ಸಿಜಿಎಸ್‌ಟಿ 900, ರಾಜ್ಯದ ಪಾಲು ಎಸ್‌ಜಿಎಸ್‌ಟಿ 900. ಕೊಲ್ಲಾಪುರಕ್ಕ ಹೋದ್ರ ರಾಜ್ಯದ ಹೊರಗ, ಅಂದ್ರ ಪೂರಾ ಐಜಿಎಸ್‌ಟಿ 1,800. ಒಟ್ಟು ಎರಡೂ 11,800, ಆದ್ರ ತಪ್ಪು ಕಾಲಮ್ಮಿಗೆ ಬಿದ್ರ ಗಿರಾಕಿ ಮರುದಿನಾನ ಫೋನ್ ಮಾಡ್ತಾನ.

ಎರಡು, ಉಲ್ಟಾ ಲೆಕ್ಕ. ಟ್ಯಾಕ್ಸ್ ಸೇರಿ 11,800 ಅದ, ಮಾಲಿನ ರೇಟ್ ಎಷ್ಟು? ಹೊಸಬ್ರು 11,800ಕ್ಕ 18% ತಗದು 2,124 ಕಳೀತಾರ. ತಪ್ಪು. 1.18ರಿಂದ ಭಾಗಿಸಬೇಕು, 10,000 ಬರ್ತದ. 5% ಇದ್ರ 1.05ರಿಂದ. ಇದನ್ನ ಹತ್ತು ಬಿಲ್ ಮ್ಯಾಲ ಕೈಲೇ ಮಾಡಿ ನೋಡ್ರಿ. 2025ರ ಸೆಪ್ಟೆಂಬರ್ 22ರಿಂದ ದರಗಳು ಬದಲಾಗ್ಯಾವ, ಹಳೇ 12, 28ರೊಳಗಿನ ಮಾಲು ಹೆಚ್ಚಿನಂಶ 5 ಇಲ್ಲಾ 18ಕ್ಕ ಬಂದದ. ಹಿಂಗಾಗಿ ಹಳೇ ಬಿಲ್ ನೋಡಿ ದರ ಕಾಪಿ ಹೊಡೀಬ್ಯಾಡ್ರಿ.

ಮೂರು, ಬ್ಯಾಂಕ್. ಇಲ್ಲಿ ಎಲ್ಲಾರೂ ಒಮ್ಮೆ ಸಿಕ್ಕೊಳ್ತಾರ. ನಮ್ಮ ಅಕೌಂಟಿಗೆ ರೊಕ್ಕ ಬಂದ್ರ ಬ್ಯಾಂಕ್ ಸ್ಟೇಟ್‌ಮೆಂಟಿನ್ಯಾಗ ಕ್ರೆಡಿಟ್ ಅಂತ ಇರ್ತದ, ಟ್ಯಾಲಿಯ ಬ್ಯಾಂಕ್ ಲೆಡ್ಜರಿನ್ಯಾಗ ಡೆಬಿಟ್ ಅಂತ ಇರ್ತದ. ಸ್ಟೇಟ್‌ಮೆಂಟ್ ಅನ್ನೋದು ಬ್ಯಾಂಕಿನವ್ರ ಪುಸ್ತಕ, ಅವ್ರಿಗೆ ನಮ್ಮ ರೊಕ್ಕ ಅಂದ್ರ ನಮಗ ಕೊಡಬೇಕಾಗಿದ್ದ ಸಾಲ, ಅದಕ್ಕ ಅವ್ರು ಕ್ರೆಡಿಟ್ ಮಾಡ್ತಾರ. ನಮಗ ಅದು ಆಸ್ತಿ, ಅದಕ್ಕ ಡೆಬಿಟ್. ಒಂದ ವ್ಯವಹಾರ, ಎರಡು ಪುಸ್ತಕ. ಇದು ತಲಿಯಾಗ ಕುಂತ್ರ ಉಳಿದ ಡೆಬಿಟ್-ಕ್ರೆಡಿಟ್ ತಂತಾನ ಸಡಿಲ ಆಗ್ತದ.

ಟ್ಯಾಲಿಯೊಳಗ ಮೊದ್ಲ ಆರು ಕೀ ಸಾಕು: ಎಫ್4 ಕಾಂಟ್ರಾ, ಅಂದ್ರ ಬ್ಯಾಂಕಿಗೆ ಕ್ಯಾಶ್ ಕಟ್ಟಿದ್ದು, ತಗದದ್ದು. ಎಫ್5 ಪೇಮೆಂಟ್, ಎಫ್6 ರಸೀದಿ, ಎಫ್7 ಜರ್ನಲ್ (ಕ್ಯಾಶ್, ಬ್ಯಾಂಕ್ ಇಲ್ದ ಹೊಂದಾಣಿಕಿ ಎಂಟ್ರಿ), ಎಫ್8 ಸೇಲ್ಸ್, ಎಫ್9 ಪರ್ಚೇಸ್. ಎಫ್2 ತಾರೀಖು ಬದಲಿ ಮಾಡಾಕ. ಪ್ರಾಕ್ಟೀಸ್‌ಗೆ ಟೆಸ್ಟ್ ಅಂತ ಬ್ಯಾರೆ ಕಂಪನಿ ಮಾಡಿಸ್ಕೊಂಡು ಅದ್ರಾಗ ಆಟಾ ಆಡ್ರಿ, ನಿಜವಾದ ಡೇಟಾದಾಗ ಬ್ಯಾಡ. ಮನ್ಯಾಗ ಕಂಪ್ಯೂಟರ್ ಇದ್ರ ಟ್ಯಾಲಿಯ ಎಜುಕೇಷನಲ್ ಮೋಡ್ ಪುಕ್ಕಟೆ ಅದ, ಕೆಲವ ತಾರೀಖಿಗೆ ಮಾತ್ರ ಎಂಟ್ರಿ ತಗೋತದ, ಆದ್ರ ಕಲಿಯಾಕ ಅಷ್ಟು ಸಾಕು.

ಎಂಟ್ರಿ ಹೊಡಿಯೋಕಿಂತ ಮೊದ್ಲ ಮೂರು ನೋಡ್ರಿ: ಮ್ಯಾಲ ಯಾವ ಕಂಪನಿ ಹೆಸರು ಅದ, ತಾರೀಖು ಯಾವುದು, ಪಾರ್ಟಿ (ಗಿರಾಕಿ ಇಲ್ಲಾ ಮಾಲು ಕೊಟ್ಟವ್ರು) ಹೆಸರು ಮೊದ್ಲಿಂದ ಅದನೋ ಇಲ್ಲೋ. ಒಂದ ಪಾರ್ಟಿಗೆ ಎರಡೆರಡು ಲೆಡ್ಜರ್ ಹುಟ್ಟಿಸೋದು ಹೊಸಬ್ರ ಖಾಯಂ ತಪ್ಪು. 'ಶ್ರೀ' ಹಚ್ಚಿ ಒಂದು, 'ಶ್ರೀ' ಇಲ್ದ ಒಂದು. ಬಿಲ್ ಒಂದ್ರಾಗ, ರೊಕ್ಕ ಇನ್ನೊಂದ್ರಾಗ. ಮೂರು ತಿಂಗಳಾದ ಮ್ಯಾಲ ಬಾಕಿ ಕೇಳಾಕ ಹೋದ್ರ ಗಿರಾಕಿ "ಕೊಟ್ಟೀನಲ್ರಿ" ಅಂತ ರೇಗ್ತಾನ, ಆತನ ಮಾತು ಖರೇನ ಇರ್ತದ. ಹೊಸ ಲೆಡ್ಜರ್ ಮಾಡೋಕಿಂತ ಮೊದ್ಲ ಜಿಎಸ್‌ಟಿ ನಂಬರ್‌ಲೇ ಹುಡುಕ್ರಿ.

ಎಕ್ಸೆಲ್‌ನಾಗ ಎರಡು ಅಪಾಯ ಅದಾವ. 15 ಅಂಕಿಗಿಂತ ಉದ್ದನ್ನ ನಂಬರ್ ಹಾಕಿದ್ರ 15ರ ನಂತರದ ಅಂಕಿಗಳನ್ನ ಅದು ಸೊನ್ನಿ ಮಾಡ್ತದ, ಯಾವ ಎಚ್ಚರಿಕೆನೂ ಕೊಡಂಗಿಲ್ಲ. ಅಕೌಂಟ್ ನಂಬರಿನ ಶುರುವಿನ ಸೊನ್ನಿನೂ ತಿಂದು ಹಾಕ್ತದ. ಹಿಂಗಾಗಿ ಅಕೌಂಟ್ ನಂಬರ್ ಇರೋ ಕಾಲಮ್ಮನ್ನ ಟೈಪ್ ಮಾಡೋಕಿಂತ ಮೊದ್ಲ ಟೆಕ್ಸ್ಟ್ ಫಾರ್ಮ್ಯಾಟಿಗೆ ಹಾಕ್ರಿ, ಆಮ್ಯಾಲೆ ಹಾಕಿದ್ರ ಹೋದ ಅಂಕಿ ವಾಪಸ್ ಬರಂಗಿಲ್ಲ. ಎರಡನೇದ್ದು ತಾರೀಖು: ಕಂಪ್ಯೂಟರ್ ಅಮೆರಿಕಾದ ಸೆಟ್ಟಿಂಗ್‌ನಾಗ ಇದ್ರ 05/07 ಅನ್ನೋದನ್ನ ಮೇ 7 ಅಂತ ತಿಳ್ಕೋತದ. ಇದನ್ನೂ ಸೇರಿದ ದಿನಾನ ಚೆಕ್ ಮಾಡ್ರಿ.

ಹಂತ 6: ಕೇಳೋದು ಹೆಂಗ, ಯಾರನ್ನ, ಯಾವಾಗ

ಕೆಲಸ ಬಿಟ್ಟವ್ರು ಹೆಚ್ಚಿನಂಶ ಸೋತಿದ್ದು ಇಲ್ಲಿ. ಕೆಲವ್ರು ಐದು ನಿಮಿಷಕ್ಕೊಮ್ಮೆ ಕೇಳ್ತಾರ, ಕೆಲವ್ರು ನಾಚಿಕಿಗೆ ಏನೂ ಕೇಳದ ಎರಡು ದಿನ ಅದೇ ಸ್ಕ್ರೀನ್ ನೋಡ್ಕೊಂತ ಕುಂದರ್ತಾರ. ಎರಡೂ ಬ್ಯಾಡ.

ಟೈಮ್ ನೋಡ್ರಿ. ಬೆಳಿಗ್ಗೆ ಗಾಡಿ ಲೋಡ್ ಆಗೋ ಹೊತ್ತಿನ್ಯಾಗ ಬಿಲ್ಲಿಂಗ್ ಗದ್ದಲ ಇರ್ತದ, ಆಗ ಕೇಳಿದ್ರ ಉತ್ತರ ಸಿಗಂಗಿಲ್ಲ, ಸಿಕ್ರೂ ಅರ್ಧಾ. ಪ್ರಶ್ನಿ ಬರದಿಟ್ಕೊಂಡು ಊಟಾದ ಮ್ಯಾಲ ಇಲ್ಲಾ ಸಂಜಿ ಚಾದ ಹೊತ್ತಿಗೆ ಒಮ್ಮೆಲೆ ಕೇಳ್ರಿ. ಆದ್ರ ಬಿಲ್ ಹೊರಗ ಹೋಗೋದು, ರೊಕ್ಕ ಕಳಿಸೋದು, ರಿಟರ್ನ್ ಹಾಕೋದು ಇದ್ರ ಸಂಜಿ ತನಕ ಕಾಯಬ್ಯಾಡ್ರಿ, ಆ ಕ್ಷಣಾನ ಎದ್ದು ಹೋಗಿ ಕೇಳ್ರಿ.

ಪ್ರಶ್ನಿ ಹಿಂಗ ಇರಲಿ: "ಸರ್, ಈ ಬಿಲ್ ಪಿಓ ಜೋಡಿ ಹೊಂದಿಸಿ ನೋಡೀನಿ, ಕ್ವಾಂಟಿಟಿ ಸರಿ ಅದ, ರೇಟ್‌ನಾಗ 2 ರೂಪಾಯಿ ಫರಕ್ ಬರಾಕತ್ತದ. ಫ್ರೈಟ್ ಸೇರಿಸ್ಯಾರ ಅಂತ ನನಗ ಅನಸ್ತದ, ಹೌದೇನ್ರಿ?" ಇದಕ್ಕ ಹತ್ತು ಸೆಕೆಂಡಿನ್ಯಾಗ ಉತ್ತರ ಬರ್ತದ. "ಸರ್, ಇದು ಬರವಲ್ದು" ಅಂದ್ರ ಅವ್ರು ಎದ್ದು ಬಂದು, ಕುಂತು, ಏನು ಬರವಲ್ದು ಅಂತ ಹುಡುಕಿ ತಾವ ಮಾಡಿ ಹೋಗ್ತಾರ, ನಿಮಗ ಏನೂ ಬರಂಗಿಲ್ಲ.

ಹೇಳಿಸ್ಕೊಂಡ ಮ್ಯಾಲ ವಾಪಸ್ ಹೇಳಿ ತೋರಿಸ್ರಿ: "ಅಂದ್ರ ಮೊದ್ಲ ಡೆಲಿವರಿ ಚಲನ್, ಆಮ್ಯಾಲೆ ಬಿಲ್, ಕೊನೀಗೆ ಇನ್‌ವರ್ಡ್ ಎಂಟ್ರಿ, ಹೌದಲ್ರಿ?" ಕೂಡ್ಲೆ ನೋಟ್‌ಬುಕ್ಕಿಗೆ ಇಳಸ್ರಿ. ಅದ ಪ್ರಶ್ನಿ ಎರಡನೇ ಸಲ ಕೇಳಿದ್ರೂ ನಡೀತದ, ಮೂರನೇ ಸಲಕ್ಕ ಹೇಳೋರ ಮಾರಿ ಬದಲಾಗ್ತದ.

ಇನ್ನ ಯಾರನ್ನ ಅನ್ನೋದು. ಹಳೇ ಆಫೀಸಿನ್ಯಾಗ ಇಪ್ಪತ್ತು ಮೂವತ್ತು ವರ್ಷದಿಂದ ಕುಂತ ಹಿರಿಯರು ಒಬ್ರು ಇರ್ತಾರ. ಕಂಪ್ಯೂಟರ್ ಅವ್ರಿಗೆ ಅಷ್ಟಕ್ಕಷ್ಟ, ಆದ್ರ ಯಾವ ಪಾರ್ಟಿ ಎಂಥಾವ್ರು, ಯಾರು ದೀಪಾವಳಿ ತನಕ ರೊಕ್ಕ ಕೊಡಂಗಿಲ್ಲ ಅನ್ನೋದು ಅವ್ರಿಗೆ ಬಿಟ್ರ ಯಾರಿಗೂ ಗೊತ್ತಿಲ್ಲ. ಹೊಸಬ್ರು ಬಂದ್ರ ತಮ್ಮ ಕುರ್ಚಿಗೆ ಬಂದ್ರು ಅಂತ ಅವ್ರಿಗೆ ಒಳಗ ಒಂದು ಅಂಜಿಕಿ ಇರ್ತದ. "ನಿಮ್ಮ ಕಡೆ ಕಲಿಯಾಕ ಬಂದೀನ್ರಿ" ಅಂತ ಬಾಯಿಬಿಟ್ಟು ಹೇಳ್ರಿ, ಮತ್ತ ನಿಜವಾಗ್ಲೂ ಕಲೀರಿ.

ಉಲ್ಟಾನೂ ಇರ್ತದ. ನಿಮ್ಮ ವಯಸ್ಸು ನಲವತ್ತು, ಕಲಿಸೋ ಹುಡುಗಿದು ಇಪ್ಪತ್ಮೂರು. ಮನ್ಯಾಗಿನ ಹುಡುಗ್ರ ಜೋಡಿ ಮಾತಾಡಿದಂಗ "ಏ ಬಾ ಇಲ್ಲಿ, ಹೇಳ" ಅಂದ್ರ ಕೆಡ್ತದ. ಮೇಡಂ ಅನ್ರಿ, ಬಹುವಚನ ಬಿಡಬ್ಯಾಡ್ರಿ, ಆಕಿನ ಸಲಿಗಿಲೇ ಅಕ್ಕಾರ ಅಂತ ಕರದ ಮ್ಯಾಲೂ ನೀವು 'ರಿ' ಹಚ್ಚೇ ಮಾತಾಡ್ರಿ. ಸಣ್ಣವ್ರ ಕಡೆ ಕಲಿಯೋದು ಅವಮಾನ ಅಲ್ಲ, ಇದನ್ನ ನಾ ಬಾಳ ಒತ್ತಿ ಹೇಳ್ತೀನಿ, ಯಾಕಂದ್ರ ಛಲೋ ಕೆಲಸಗಾರ್ರು ಇದೊಂದ ಕಾರಣಕ್ಕ ಬಿಟ್ಟು ಹೋಗ್ಯಾರ.

ಹಂತ 7: ತಪ್ಪಾದಾಗ

ತಪ್ಪು ಆಗ್ತದ. ಆದ ಕೂಡ್ಲೆ ಹೇಳ್ರಿ, ನಂಬರ್ ಸಮೇತ ಹೇಳ್ರಿ: ಬಿಲ್ ನಂಬರ್ ಇಷ್ಟು, ಪಾರ್ಟಿ ಇವ್ರು, ಇಷ್ಟು ರೂಪಾಯಿ ಹೆಚ್ಚು ಬಿದ್ದದ, ಮಾಲು ಇನ್ನ ಹೋಗಿಲ್ಲ, ಇಲ್ಲಾ ಹೋಗೇದ. ಅಳೋದು, ಹತ್ತು ಸಲ ಸಾರಿ ಅನ್ನೋದು ಯಾರಿಗೂ ಉಪಯೋಗ ಇಲ್ಲ, ಕೇಳೋರಿಗೆ ಬೇಕಾಗಿದ್ದು ಈ ನಾಕು ಮಾತು.

ಯಾವುದನ್ನೂ ಡಿಲೀಟ್ ಮಾಡಬ್ಯಾಡ್ರಿ. ಗಿರಾಕಿ ಕೈಗೆ ಹೋದ ಬಿಲ್ ಅಳಿಸಿದ್ರ ಅವ್ರ ಪುಸ್ತಕದಾಗ ಇರ್ತದ, ನಮ್ಮ ಪುಸ್ತಕದಾಗ ಇರಂಗಿಲ್ಲ, ನಂಬರ್ ಸೀರಿಯಲ್ ಮುರೀತದ. ರೇಟ್ ಹೆಚ್ಚು ಬಿದ್ರ ಕ್ರೆಡಿಟ್ ನೋಟ್ (ಬಿಲ್ಲಿನ ರಕಮು ಇಳಿಸೋ ಕಾಗದ), ಕಡಿಮಿ ಬಿದ್ರ ಡೆಬಿಟ್ ನೋಟ್ (ಏರಿಸೋ ಕಾಗದ). ಇ-ವೇ ಬಿಲ್ ತಪ್ಪಾದ್ರ 24 ತಾಸಿನ ಒಳಗ ಕ್ಯಾನ್ಸಲ್ ಮಾಡಾಕ ಬರ್ತದ, ದಾರಿಯೊಳಗ ಅಧಿಕಾರಿಗಳು ಚೆಕ್ ಮಾಡಿದ್ರ ಆಗ ಬರಂಗಿಲ್ಲ. ಜಿಎಸ್‌ಟಿಆರ್-1 ಹಾಕಿದ ಮ್ಯಾಲ ತಪ್ಪು ಕಂಡ್ರ, 3ಬಿ ಹಾಕೋಕಿಂತ ಮೊದ್ಲ 1ಎ ಅನ್ನೋ ಫಾರ್ಮಿನ್ಯಾಗ ತಿದ್ದೋ ದಾರಿ 2024ರಿಂದ ಅದ. ಅಂದ್ರ 12ನೇ ತಾರೀಖಿಗೆ ಹೇಳಿದ್ರ ಅದ ತಿಂಗಳದಾಗ ಸರಿ ಆಗ್ತದ, 25ಕ್ಕ ಹೇಳಿದ್ರ ಮುಂದಿನ ತಿಂಗಳದ ಕೆಲಸ ಆಗ್ತದ. ಲಗೂನ ಹೇಳ್ರಿ ಅನ್ನೋದು ಅದಕ್ಕ.

ಹಂತ 8: ಫೋನು, ಮೇಲು, ಇಂಗ್ಲಿಷ್

ಇದಕ್ಕ ಹೆಚ್ಚು ಅಂಜಬ್ಯಾಡ್ರಿ. ಮುಂಬೈ, ಪುಣೆ ಕಂಪನಿಗಳಿಂದ ಹಿಂದಿ ಫೋನ್ ಬರ್ತದ, ಮೇಲ್ ಇಂಗ್ಲಿಷ್‌ನಾಗ ಬರ್ತದ. ಆಫೀಸಿನ ಕಳಿಸಿದ ಮೇಲ್ ಫೋಲ್ಡರಿನ್ಯಾಗ ಹಳೇ ಮೇಲ್ ಇರ್ತಾವ. ಬಾಕಿ ಕೇಳಿದ್ದು, ಬಿಲ್ ಕಾಪಿ ಕಳಿಸಿದ್ದು, ಮಾಲು ಕಡಿಮಿ ಬಂದದ ಅಂತ ತಿಳಿಸಿದ್ದು, ಈ ನಮೂನಿಯವು ನಾಕೈದು ನೋಟ್‌ಬುಕ್ಕಿಗೆ ಇಳಿಸ್ಕೋರಿ, ಹೆಸರು ನಂಬರ್ ಬದಲಿ ಮಾಡಿ ಕಳಸ್ರಿ. ಫೋನ್‌ನಾಗ ಗೊತ್ತಿಲ್ದನ್ನ ಕೇಳಿದ್ರ ಅಂದಾಜಿಲೇ ಹೇಳಬ್ಯಾಡ್ರಿ, "ನೋಡಿ ಅರ್ಧಾ ತಾಸಿನ್ಯಾಗ ಫೋನ್ ಮಾಡ್ತೀನ್ರಿ" ಅಂದು ಖರೇನ ಮಾಡ್ರಿ.

ಎಚ್ಚರಿಕಿ: ಇವು ಕಂಡ್ರ ನಿಲ್ರಿ

ಗೊತ್ತಿಲ್ಲದ ಫೀಲ್ಡಿಗೆ ಬಂದವ್ರಿಗೆ ಯಾವುದು ಮಾಮೂಲು, ಯಾವುದು ಮಾಮೂಲು ಅಲ್ಲ ಅಂತ ತಿಳಿಯಂಗಿಲ್ಲ, ಅದನ್ನ ಉಪಯೋಗ ಮಾಡ್ಕೊಳ್ಳೋರೂ ಇರ್ತಾರ.

ನಿಮ್ಮ ಪ್ಯಾನ್, ಆಧಾರ್ ಪಗಾರಕ್ಕ, ಪಿಎಫ್‌ಗೆ ಕೇಳೋದು ಸಹಜ. ಆದ್ರ "ಸುಮ್ನ ಒಂದು ಓಟಿಪಿ ಬರ್ತದ ಹೇಳ್ರಿ" ಅಂದ್ರ ಯಾತರದ್ದು ಅಂತ ಮೆಸೇಜ್ ಪೂರಾ ಓದ್ರಿ. ನೌಕರರ ಹೆಸರಿಲೇ ಜಿಎಸ್‌ಟಿ ನೋಂದಣಿ, ಕರೆಂಟ್ ಅಕೌಂಟ್ ತಗದು ಅದ್ರ ಮ್ಯಾಲ ಸುಳ್ಳು ಬಿಲ್ ಓಡಿಸೋ ಮೋಸ ದೇಶದ ತುಂಬ ನಡದದ. ನೋಟಿಸ್ ಬರೋದು ಯಾರ ಹೆಸರು ಅದನೋ ಅವ್ರಿಗೆ. ನಿಮ್ಮ ಹೆಸರಿಲೇ ಫರ್ಮ್, ಬ್ಯಾಂಕ್ ಅಕೌಂಟ್, ಸಿಮ್ ಯಾವುದಕ್ಕೂ ಒಪ್ಪಬ್ಯಾಡ್ರಿ, ಕೆಲಸ ಹೋದ್ರೂ ಚಿಂತಿ ಇಲ್ಲ.

ಮಾಲು ಇಲ್ದ ಬರೇ ಬಿಲ್ ಹೊಡೀರಿ ಅಂದ್ರ, ಖಾಲಿ ಚೆಕ್ಕಿನ ಮ್ಯಾಲ ಇಲ್ಲಾ ಖಾಲಿ ಓಚರ್ ಮ್ಯಾಲ ಸಹಿ ಮಾಡ್ರಿ ಅಂದ್ರ, ಬ್ಯಾರೆಯವ್ರ ಲಾಗಿನ್‌ನಾಗ ಎಂಟ್ರಿ ಮಾಡ್ರಿ ಅಂದ್ರ ಮಾಡಬ್ಯಾಡ್ರಿ. ಕ್ಯಾಶ್ ನಿಮ್ಮ ಕೈಗೆ ಕೊಟ್ರ ಅವ್ರ ಮುಂದನ ಎಣಿಸಿ, ಯಾವ ನೋಟ್ ಎಷ್ಟು ಅಂತ ಬರದು ಸಹಿ ತಗೋರಿ.

ಮಾಲಕರ ದನಿಯೊಳಗ ಇಲ್ಲಾ ಅವ್ರ ಫೋಟೋ ಹಚ್ಚಿದ ಹೊಸ ನಂಬರಿಂದ "ಅರ್ಜೆಂಟ್ ಈ ಅಕೌಂಟಿಗೆ ರೊಕ್ಕ ಹಾಕ್ರಿ" ಅಂತ ಮೆಸೇಜ್ ಬಂದ್ರ, ಪಾರ್ಟಿ ಕಡೆಯಿಂದ "ನಮ್ಮ ಬ್ಯಾಂಕ್ ಅಕೌಂಟ್ ಬದಲಾಗೇದ" ಅಂತ ಮೇಲ್ ಬಂದ್ರ, ಹಳೇ ನಂಬರಿಗೆ ನೀವ ಫೋನ್ ಮಾಡಿ ಕೇಳೋತನಕ ಒಂದು ರೂಪಾಯಿನೂ ಹೋಗಬಾರ್ದು. ಹೊಸಬ್ರು ಸಿಗಲಿ ಅಂತನ ಕಾಯೋ ಮೋಸ ಇದು.

ಹಂತ 9: ಮೂರನೇ ತಿಂಗಳ ಕೊನೀಗೆ ನೋಡಬೇಕಾದ್ದು

ಮೂರು ಕೆಲಸ ಒಬ್ರ ಕುಂತು ಮಾಡಿ ನೋಡ್ರಿ. ಬ್ಯಾಂಕ್ ಸ್ಟೇಟ್‌ಮೆಂಟಿಗೂ ಟ್ಯಾಲಿಗೂ ಒಂದು ತಿಂಗಳದ್ದು ಹೊಂದಿಸಿ, ಫರಕ್ ಬಂದ್ರ ಅದು ಪಾಸ್ ಆಗದ ಚೆಕ್ಕೋ, ಬ್ಯಾಂಕ್ ಚಾರ್ಜೋ ಅಂತ ಹೇಳಾಕ ಬರಬೇಕು. ಖರೀದಿ ಲೆಡ್ಜರನ್ನ 2ಬಿ ಜೋಡಿ ಹೊಂದಿಸಿ ಯಾವ ಬಿಲ್ ಸಪ್ಲೈಯರ್ ಏರಿಸಿಲ್ಲ ಅಂತ ಪಟ್ಟಿ ಮಾಡಾಕ ಬರಬೇಕು. ಒಬ್ಬ ಗಿರಾಕಿ ಬಾಕಿ ಯಾವ ಯಾವ ಬಿಲ್ಲಿಂದು, ಎಷ್ಟು ದಿನದ್ದು ಅಂತ ಫೋನ್‌ನಾಗ ತಡವರಿಸದ ಹೇಳಾಕ ಬರಬೇಕು.

ಮೊದಲ್ನೇದ್ದು ಬರಲಿಲ್ಲಂದ್ರ ಹಂತ 5ರ ಮೂರನೇ ಲೆಕ್ಕ ಮತ್ತ ಮಾಡ್ರಿ. ಎರಡನೇದ್ದಕ್ಕ ಖರೀದಿ ಬಿಲ್ಲಿನ ದಾರಿ ಮತ್ತ ನಡೀರಿ. ಮೂರನೇದ್ದು ಬರವಲ್ದಂದ್ರ ರಸೀದಿ ಎಂಟ್ರಿಯೊಳಗ ಬಿಲ್ ನಂಬರ್ ಹಚ್ಚದ ಬರೇ ರಕಮು ಹಾಕಿರ್ತೀರಿ, ಅದನ್ನ ಹಿಂದಿಂದ ತಿದ್ಕೊಂತ ಬರ್ರಿ, ಎರಡು ದಿನದ ಕೆಲಸ.

ಮೂರೂ ಬಂದ್ರ ಸಾಹುಕಾರ್ರ ಹತ್ರ ಹೋಗಿ ಪಗಾರದ ಮಾತು ತಗೀರಿ. ಖಾಲಿ ಕೈಲೇ ಹೋಗಬ್ಯಾಡ್ರಿ, ಹೊಂದಿಸಿದ ಬ್ಯಾಂಕ್ ಲೆಕ್ಕ, 2ಬಿ ಪಟ್ಟಿ ಪ್ರಿಂಟ್ ತಗೊಂಡು ಹೋಗ್ರಿ, 21ನೇ ತಾರೀಖಿನ ನಂತರ ಹೋಗ್ರಿ. ಪಗಾರ ಬ್ಯಾಂಕಿಗೆ ಬರ್ತದೇನು ಅಂತ ಕೇಳ್ರಿ. ಪಿಎಫ್ ಕಟ್ ಆಗ್ತಿದ್ರ ನಿಮ್ಮ 12 ಅಂಕಿಯ ಯುಎಎನ್ (ಪಿಎಫ್‌ನ ಖಾಯಂ ನಂಬರ್) ತಗೊಂಡು ಪಾಸ್‌ಬುಕ್ಕಿನ್ಯಾಗ ಮೂರು ತಿಂಗಳದ್ದೂ ಜಮಾ ಆಗೇದೋ ಇಲ್ಲೋ ನೀವ ನೋಡ್ರಿ. ಪಗಾರ 21,000ದ ಒಳಗಿದ್ದು ಇಎಸ್‌ಐ ಕಟ್ ಆಗ್ತಿದ್ರ ಆ ನಂಬರಿನ ಇ-ಪೆಹಚಾನ್ ಕಾರ್ಡಿನ್ಯಾಗ ಮನಿ ಮಂದಿ ಹೆಸರು ಸರಿ ಅದಾವೇನು ಅಂತಾನೂ ಅವತ್ತ ನೋಡ್ಕೋರಿ, ದವಾಖಾನಿ ಬಾಗಲಾಗ ನಿಂತು ಅದನ್ನ ತಿದ್ದಿಸೋದು ಬಾಳ ತ್ರಾಸು.